ಪಂಪ್‌ಹೌಸ್ ಬೀದಿಯ ಬಾಯಿ

ಪಂಪ್‌ಹೌಸ್ ಬೀದಿಯವರಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಮಾರ್ಕೆಟ್ಟಿಗೆ ಹೋದರೂ ಅದೇ ಗಂಟಲು, ಆಸ್ಪತ್ರೆಗೆ ಹೋದರೂ ಅದೇ ಗಂಟಲು. ಸಾವಾದ ಮನೆಗೆ ಹೋಗಿ ಸಮಾಧಾನ ಹೇಳಿದರೆ ನಾಲ್ಕು ಮನೆಯಾಚೆಯವರಿಗೂ ಸಮಾಧಾನವಾಗಬೇಕು, ಅಷ್ಟು ಜೋರು. ಊರಿನ ಉಳಿದವರು ಇದನ್ನು ಕೊಬ್ಬು ಎಂದುಕೊಂಡಿದ್ದರು. ಪಾಪ, ಕೊಬ್ಬುವಂಥದ್ದು ಆ ಬೀದಿಯಲ್ಲಿ ಏನೂ ಇರಲಿಲ್ಲ. ಇದ್ದದ್ದು ಒಂದು ಪಂಪು ಮಾತ್ರ.

ಆ ಪಂಪಿಗೆ ಬೀದಿಯವರು ಇಟ್ಟ ಹೆಸರು ದೊಡ್ಡಪ್ಪ. ಹೊಳೆದಂಡೆಯ ಬಾವಿಯಿಂದ ನೀರೆಳೆದು ಊರ ನಡುವಿನ ಎತ್ತರದ ಟ್ಯಾಂಕಿಗೆ ಏರಿಸುವುದು ಅವನ ಕೆಲಸ. ಅಲ್ಲಿಂದ ಇಳಿದ ನೀರೇ ಊರಿನ ಅಷ್ಟೂ ನಲ್ಲಿಗಳಲ್ಲಿ ಬರುತ್ತಿತ್ತು. ಊರು ಹಲ್ಲುಜ್ಜುವುದು, ಬಟ್ಟೆ ಒಗೆಯುವುದು, ನಲ್ಲಿ ಮುಂದೆ ಕೊಡ ಹಿಡಿದು ಜಗಳವಾಡುವುದು ಎಲ್ಲವೂ ದೊಡ್ಡಪ್ಪನ ದಯೆ. ಟ್ಯಾಂಕು ಮಾತ್ರ ಪುರಸಭೆ ಅಧ್ಯಕ್ಷರ ಮನೆಯ ಕಾಂಪೌಂಡಿಗೆ ಒತ್ತಿಕೊಂಡೇ ನಿಂತಿತ್ತು. ಊರಿನಲ್ಲಿ ಅದಕ್ಕಿಂತ ಪ್ರಶಸ್ತವಾದ ಜಾಗ ಸಿಗಲಿಲ್ಲವೆಂದು ಅದನ್ನು ಕಟ್ಟಿಸಿದ ಅಧ್ಯಕ್ಷರು ಹೇಳಿದ್ದರು. ಅವರು ಈಗಿನ ಅಧ್ಯಕ್ಷರ ಅಪ್ಪ.

ದೊಡ್ಡಪ್ಪ ಮಾಡಿದ ಉಪಕಾರವನ್ನು ಹೇಳಿಕೊಂಡೇ ಮಾಡುವವನು. ಸ್ವಿಚ್ಚು ಹಾಕಿದ ಕ್ಷಣದಿಂದ ಆರಿಸುವ ತನಕ ಒಂದೇ ಸಮನೆ ಬೊಬ್ಬೆ. ಕಿಟಕಿಯ ಗಾಜುಗಳು ನಡುಗುತ್ತಿದ್ದವು, ಪಾತ್ರೆಗಳು ಕಪಾಟಿನಲ್ಲಿ ತಾವಾಗಿಯೇ ಜಾಗ ಬದಲಿಸುತ್ತಿದ್ದವು. ಹೊಸದಾಗಿ ಬಾಡಿಗೆಗೆ ಬಂದವರು ಒಂದೋ ಗಂಟುಮೂಟೆ ಕಟ್ಟುತ್ತಿದ್ದರು, ಇಲ್ಲವೇ ಬೀದಿಯ ಗಂಟಲನ್ನು ಕಲಿಯುತ್ತಿದ್ದರು.

ಹಳಬರು ಗಂಟುಮೂಟೆ ಕಟ್ಟದಿರಲು ಬೇರೆಯೇ ಕಾರಣವಿತ್ತು. ಪಂಪ್‌ಹೌಸಿನ ಬಾಗಿಲ ಮೇಲೆ ಒಂದು ಕೆಂಪು ಬಲ್ಬು. ಪಂಪು ಶುರುವಾದ ಕೂಡಲೇ ಅದು ಹತ್ತುತ್ತಿತ್ತು. ಬಲ್ಬು ಹತ್ತಿತೆಂದರೆ ಮುಗಿಯಿತು, ಯಾರು ಯಾರಿಗೆ ಏನು ಬೇಕಾದರೂ ಹೇಳಬಹುದು, ಒಬ್ಬರಿಗೂ ಕೇಳಿಸುವುದಿಲ್ಲ. ಮೂಲೆಮನೆಯ ಟೈಲರ್ ಗಿರಾಕಿಯ ಸೊಂಟಕ್ಕೆ ಟೇಪು ಸುತ್ತುತ್ತಾ, ಮುಖದ ತುಂಬ ನಗು ಇಟ್ಟುಕೊಂಡು, ಆ ಹೊಟ್ಟೆಯ ಬಗ್ಗೆ ತನಗೆ ಅನಿಸಿದ್ದನ್ನೆಲ್ಲ ಹೊಟ್ಟೆಯ ಯಜಮಾನನ ಎದುರಿಗೇ ಹೇಳಿಬಿಡುತ್ತಿದ್ದ. ರಿಟೈರಾದ ಮೇಷ್ಟ್ರು ಹೆಂಡತಿಗೆ ಎದುರುತ್ತರ ಕೊಡುತ್ತಿದ್ದದ್ದು ಆ ಹೊತ್ತಿನಲ್ಲಿ ಮಾತ್ರ. ಹೀಗೆ ದಿನಾ ಬೆಳಿಗ್ಗೆ ಎಲ್ಲರೂ ಹೊಟ್ಟೆಯೊಳಗಿನ ಕಸ ಹೊರಗೆ ಚೆಲ್ಲಿ, ಬಲ್ಬು ಆರಿದ ಮೇಲೆ ಹಗುರಾಗಿ, ಒಬ್ಬರಿಗೊಬ್ಬರು ಕಾಫಿ ಕೊಟ್ಟುಕೊಂಡು ಇರುತ್ತಿದ್ದರು. ಊರಿನಲ್ಲೇ ಅತಿ ಸಜ್ಜನರ ಬೀದಿ ಎಂದು ಪೊಲೀಸಿನವರು ಹೊಗಳುತ್ತಿದ್ದರು.

ಈ ಸೌಲಭ್ಯವನ್ನು ಎಲ್ಲರಿಗಿಂತ ಚೆನ್ನಾಗಿ ಬಳಸಿಕೊಂಡವಳು ಪಂಪ್ ಆಪರೇಟರನ ಹೆಂಡತಿ. ಪಂಪ್‌ಹೌಸಿಗೆ ಅಂಟಿಕೊಂಡ ಕ್ವಾರ್ಟರ್ಸಿನಲ್ಲಿ ಅವಳು, ಗಂಡ, ಅತ್ತೆ, ಮೂರೇ ಜನ. ಅತ್ತೆ ಬಂದವರಿಗೆ ಹೋದವರಿಗೆಲ್ಲ "ನಮ್ಮ ಸೊಸೆ ಇದ್ದಾಳಲ್ಲ" ಎಂದು ಶುರುಮಾಡಿ ಏನಾದರೊಂದು ದೂರು ಹೇಳುತ್ತಿದ್ದುದರಿಂದ ಬೀದಿಗೆಲ್ಲ ಅವಳು ಸೊಸೆಯೇ ಆಗಿಹೋಗಿದ್ದಳು. ಅತ್ತೆಯ ಪ್ರಕಾರ ಅಡುಗೆಗೆ ಉಪ್ಪು ಹೆಚ್ಚು, ಇಲ್ಲವೇ ಕಡಿಮೆ. ಎರಡೂ ಅಲ್ಲದ ದಿನ "ಇವತ್ತೇನಮ್ಮಾ, ಅಪರೂಪಕ್ಕೆ ಕೈ ಸರಿ ಬಿದ್ದಿದೆ" ಎಂಬ ಕೊಂಕು. ಸೊಸೆಯ ಉತ್ತರ ಯಾವಾಗಲೂ ಒಂದೇ, "ಹೂಂ ಅತ್ತೆ."

ಆದರೆ ಬಲ್ಬು ಹತ್ತಿದ್ದೇ ತಡ, ಸೊಸೆ ಬಟ್ಟೆಯ ಬುಟ್ಟಿ ಎತ್ತಿಕೊಂಡು ಹಿತ್ತಲಿಗೆ ನಡೆಯುತ್ತಿದ್ದಳು. ಒಗೆಯುವ ಕಲ್ಲಿನ ಮುಂದೆ, ಗೋಡೆಗೆ ಮುಖ ಮಾಡಿ, ಹಿಂದಿನ ದಿನದ ಅಷ್ಟೂ "ಹೂಂ"ಗಳನ್ನು ಬಿಡಿಸಿ ಬಿಡಿಸಿ ಹೇಳುತ್ತಿದ್ದಳು. ಗೋಡೆಗೊಂದು ಮಾತು, ಬಟ್ಟೆಗೊಂದು ಏಟು. ಆ ಮನೆಯಲ್ಲಿ ಒಗೆದಷ್ಟು ಬೆಳ್ಳಗಿನ ಬಟ್ಟೆ ಊರಲ್ಲೇ ಇರಲಿಲ್ಲ. ಅತ್ತೆ ಮಾತ್ರ ಬಟ್ಟೆ ಬೇಗ ಹರಿಯುತ್ತದೆ ಎಂದು ಅದಕ್ಕೂ ದೂರುತ್ತಿದ್ದಳು.

ಅತ್ತೆಯೇನೂ ಬಾಯಿ ಕಟ್ಟಿಕೊಂಡು ಇರುತ್ತಿರಲಿಲ್ಲ. ಸೊಸೆ ಬಟ್ಟೆ ಹಿಂಡುತ್ತಾ ಓರೆಗಣ್ಣಲ್ಲಿ ನೋಡಿದಾಗಲೆಲ್ಲ ಮುದುಕಿ ಪಂಪ್‌ಹೌಸಿನ ಕಿಟಕಿಯ ಕೆಳಗೆ ಕುಕ್ಕರಗಾಲಲ್ಲಿ ಕೂತು, ಕೈ ಬೀಸಿ ಬೀಸಿ ಏನೋ ಹೇಳುತ್ತಿದ್ದಳು. ಬೈಗುಳವೆಲ್ಲ ತನಗೇ ಎಂಬುದರಲ್ಲಿ ಸೊಸೆಗೆ ಅನುಮಾನವಿರಲಿಲ್ಲ. ಆ ಮನೆಯಲ್ಲಿ ಬೈಸಿಕೊಳ್ಳಲು ಇನ್ನಾರಿದ್ದರು? ಒಮ್ಮೆ ಸೊಸೆಗೆ ಮೈ ಸುಡುವ ಜ್ವರ ಬಂದಾಗ ಅತ್ತೆ ಹಣೆಗೆ ಒದ್ದೆಬಟ್ಟೆ ಹಾಕುತ್ತಾ, ಪಂಪು ಓಡಿದಷ್ಟು ಹೊತ್ತೂ ಬಾಯಿ ಆಡಿಸಿದ್ದಳು. ಮಲಗಿದವಳನ್ನೂ ಬಿಡುವುದಿಲ್ಲವಲ್ಲ ಈ ಮುದುಕಿ ಎಂದು ಹಟಕ್ಕೆ ಬಿದ್ದು ಸೊಸೆ ಬೇಗ ಗುಣವಾಗಿದ್ದಳು.

ಇವರಿಬ್ಬರ ನಡುವಿನ ಗಂಡಸಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಆಪರೇಟರ್ ಕೆಟ್ಟವನಲ್ಲ. ಕುಡಿತವಿಲ್ಲ, ಹೊಡೆತವಿಲ್ಲ. ಮನೆಯಲ್ಲಿ ಇದ್ದಾನೋ ಇಲ್ಲವೋ ಎಂಬುದನ್ನು ಬಾಗಿಲಲ್ಲಿ ಚಪ್ಪಲಿ ನೋಡಿ ತಿಳಿಯಬೇಕಿತ್ತು, ಅಷ್ಟು ಸಾಧು. ಎರಡೂ ಕಿವಿಯಲ್ಲಿ ಸದಾ ಹತ್ತಿಯ ಉಂಡೆ. ಅವನ ಅಪ್ಪನೂ ಇದೇ ಕೆಲಸದಲ್ಲಿದ್ದವನು, ಅವನ ಕಿವಿಯಲ್ಲೂ ಹತ್ತಿ. ದೊಡ್ಡಪ್ಪನ ಬೇರಿಂಗು ಚೂರು ಕುಂಯ್‌ಗುಟ್ಟಿದರೂ ಆ ಹತ್ತಿಯೊಳಗಿಂದ ಕೇಳಿಸಿ, ಊಟದ ತಟ್ಟೆ ಬಿಟ್ಟು ಎದ್ದು ಓಡುತ್ತಿದ್ದ. ಹೆಂಡತಿ ಎದುರಿಗೇ ನಿಂತು "ರೀ, ಸ್ವಲ್ಪ ಮಾತಾಡೋದಿತ್ತು" ಎಂದರೆ "ಹಾಂ ಹಾಂ, ನೀರು ಬಿಟ್ಟಾಯ್ತು" ಎನ್ನುತ್ತಿದ್ದ. ಮದುವೆಯಾದ ಹೊಸದರಲ್ಲಿ ಅವಳಿಗೆ ಅಳು ಬರುತ್ತಿತ್ತು. ಆಮೇಲೆ ಗೋಡೆ ಸಿಕ್ಕಿತು.

ಹೀಗೆ ಎಲ್ಲವೂ ಚೆನ್ನಾಗಿ ನಡೆಯುತ್ತಿರುವಾಗ ಪುರಸಭೆಗೆ ಅಭಿವೃದ್ಧಿ ಮಾಡುವ ಮನಸ್ಸು ಬಂತು. ಬಾವಿಯ ನೀರಿನೊಳಗೇ ಮುಳುಗಿಕೊಂಡು ಓಡುವ ಹೊಸ ಪಂಪು ತರಿಸಿದರು. ಇಂಜಿನಿಯರ್ ಬೀದಿಗೆ ಬಂದು, "ಇದು ಸೈಲೆಂಟು. ಓಡ್ತಿದ್ಯೋ ಇಲ್ವೋ ಅಂತಾನೂ ನಿಮಗೆ ಗೊತ್ತಾಗಲ್ಲ" ಎಂದ. ಬೀದಿಯವರು ಹೂಂಗುಟ್ಟಿದರು, ಆದರೆ ಒಬ್ಬರೂ ನಂಬಲಿಲ್ಲ. ಈ ರಸ್ತೆಗೆ ಇನ್ನು ಗುಂಡಿಯೇ ಬೀಳುವುದಿಲ್ಲ ಎಂದು ಹೇಳಿಹೋದವನೂ ಅವನೇ. ದೊಡ್ಡಪ್ಪನನ್ನು ಸದ್ಯಕ್ಕೆ ಮೂಲೆಗೆ ಕೂರಿಸಿ, ಹೊಸದು ಕೈಕೊಟ್ಟರೆ ಇರಲೆಂದು ಉಳಿಸಿಕೊಳ್ಳುವುದು, ಶಾಫ್ಟು ತುಕ್ಕಿಗೆ ಹಿಡಿದುಕೊಳ್ಳದಂತೆ ತಿಂಗಳಿಗೊಮ್ಮೆ ಓಡಿಸಿ ನೋಡುವುದು ಎಂದಾಯಿತು. ಕೆಂಪು ಬಲ್ಬಿನ ತಂತಿಯನ್ನು ಆಪರೇಟರ್ ಹೊಸ ಪಂಪಿಗೆ ಜೋಡಿಸಿದ.

ಉದ್ಘಾಟನೆಯ ದಿನ ಪಂಪ್‌ಹೌಸಿನ ಮುಂದೆ ಪೆಂಡಾಲು, ಮೈಕು, ಸಾಲಾಗಿ ಕುರ್ಚಿ. ಮುಂದಿನ ಸಾಲಿನ ಮೊದಲ ಕುರ್ಚಿಯಲ್ಲಿ ಅತ್ತೆ, ಪಂಪು ತನ್ನ ತವರಿನಿಂದ ಬಂದದ್ದೇನೋ ಎನ್ನುವ ಹಾಗೆ ಬೀಗಿಕೊಂಡು ಕೂತಿದ್ದಳು. ಆಪರೇಟರ್ ಒಳಗೆ ಬೋರ್ಡಿನ ಹತ್ತಿರ. ರಿಬ್ಬನ್ ಕತ್ತರಿಸುವ ಕತ್ತರಿಯನ್ನು ತಟ್ಟೆಯಲ್ಲಿಟ್ಟು ಹಿಡಿದುಕೊಳ್ಳುವ ಗೌರವ ಸೊಸೆಯ ಪಾಲಿಗೆ ಬಂದಿತ್ತು. ಅಧ್ಯಕ್ಷರ ಮಗ್ಗುಲಲ್ಲೇ, ಮೈಕಿನ ಕೆಳಗೆ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಅವಳು ನಿಂತಿದ್ದಳು.

ಅಧ್ಯಕ್ಷರು ನೀರು ಎಂಬ ಪದದಿಂದ ಶುರುಮಾಡಿ ಜೀವ, ಜಗತ್ತು, ತಮ್ಮ ತಂದೆ, ಮತ್ತೆ ತಮ್ಮ ತಂದೆ ಎಂದು ಸುತ್ತಿ ಸುತ್ತಿ ಬಂದರು. "ಹಳೆಯದು ಮೂಲೆ ಸೇರಬೇಕು, ನಾಳೆ ಗುಜರಿಗೂ ಸೇರಬೇಕು, ಅದು ಕಾಲದ ನಿಯಮ" ಎಂದರು. ತಟ್ಟೆ ಹಿಡಿದ ಸೊಸೆಯ ಕೈ ಜೋಮು ಹಿಡಿಯಿತು. ಬೆಳಿಗ್ಗೆಯಿಂದ ಅತ್ತೆ, ಉಟ್ಟ ಬಟ್ಟೆ ಸರಿಯಿಲ್ಲ, ತಲೆ ಬಾಚಿದ್ದು ಸರಿಯಿಲ್ಲ, ಹೀಗೇನು ಕತ್ತರಿ ಹಿಡಿಯುವುದು ಎಂದು ಜೀವ ಹಿಂಡಿದ್ದಳು. ಗಂಟಲ ತನಕ ತುಂಬಿಕೊಂಡು, ಬಲ್ಬು ಯಾವಾಗ ಹತ್ತುತ್ತದೋ ಎಂದು ಅವಳು ಅದನ್ನೇ ನೋಡುತ್ತಿದ್ದಳು.

ಕೊನೆಗೂ ಅಧ್ಯಕ್ಷರು ರಿಬ್ಬನ್ ಕತ್ತರಿಸಿ ಗುಂಡಿ ಒತ್ತಿದರು. ಬಲ್ಬು ಹತ್ತಿತು.

ಅಷ್ಟು ವರ್ಷದ ಅಭ್ಯಾಸ, ಕಿವಿಗಿಂತ ಬಾಯಿ ಮುಂದೆ ಓಡಿತು. ಸೊಸೆ ಎಂದಿನ ಗಂಟಲಿನಲ್ಲಿ, ಮೈಕಿನ ಅಡಿಯಲ್ಲಿ, ತಟ್ಟೆ ಹಿಡಿದುಕೊಂಡು, ಮುಗುಳ್ನಗುತ್ತಲೇ ಶುರುಮಾಡಿದಳು.

"ಎಷ್ಟು ಕೊರೀತೀಯಯ್ಯಾ ಮಹಾನುಭಾವ! ತಲೆ ಮೇಲಿನ ಕೂದಲೂ ನಿಂದಲ್ಲ, ಬಾಯೊಳಗಿನ ಮಾತೂ ನಿಂದಲ್ಲ! ಗುಜರಿಗೆ ಹಾಕೋದಾದ್ರೆ ದೊಡ್ಡಪ್ಪನೊಬ್ಬನ್ನೇ ಯಾಕೆ ಹಾಕ್ತೀಯ? ನಮ್ಮತ್ತೇನೂ ಜೊತೇಲೇ ತೂಕಕ್ಕೆ ಹಾಕಿ ಕಳಿಸು, ಎರಡು ಹಳೇ ಸದ್ದೂ ಒಟ್ಟಿಗೇ ನಿಲ್ಲಲಿ!"

"ನಿಲ್ಲಲಿ" ಎಂದು ಬೀದಿಯ ಕೊನೆಯ ಕಂಬಕ್ಕೆ ಕಟ್ಟಿದ್ದ ಸ್ಪೀಕರು ಇನ್ನೊಮ್ಮೆ ಹೇಳಿತು.

ಆಮೇಲೆ ಏನೂ ಇಲ್ಲ. ಪಂಪು ಓಡುತ್ತಿತ್ತು, ಸದ್ದೇ ಇರಲಿಲ್ಲ. ಇಂಜಿನಿಯರ್ ಜೀವಮಾನದಲ್ಲಿ ಒಮ್ಮೆ ನಿಜ ಹೇಳಿದ್ದ. ಜನರ ನಡುವೆ ಟೈಲರ್ ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ, ಅವನ ಮರ್ಯಾದೆ ಅರ್ಧ ಕ್ಷಣದಲ್ಲಿ ಉಳಿದಿತ್ತು. ಅಧ್ಯಕ್ಷರ ಕೈ ತಾನಾಗಿಯೇ ತಲೆಗೆ ಹೋಯಿತು, ಅಲ್ಲಿಯ ತನಕ ಗೊತ್ತಿಲ್ಲದವರಿಗೂ ಗೊತ್ತಾಯಿತು. ಅತ್ತೆ ಕುರ್ಚಿಯಿಂದ ಎದ್ದಳು. ಯಾರ ಮುಖವನ್ನೂ ನೋಡದೆ, ಗೋಡೆ ಹಿಡಿದುಕೊಂಡು ಮನೆಯೊಳಗೆ ಹೋದಳು. ಎಂದೂ ಗೋಡೆ ಹಿಡಿದು ನಡೆದ ಮುದುಕಿಯಲ್ಲ ಅವಳು.

ಅಧ್ಯಕ್ಷರು ಇದರ ಬಗ್ಗೆ ಏನೂ ಮಾಡಲಿಲ್ಲ. ದೂರು ಕೊಡಬೇಕಾದರೆ ಕೂದಲಿನ ವಿಷಯ ಎತ್ತಬೇಕಲ್ಲ. ಒಳಗಿದ್ದ ಆಪರೇಟರಿಗೆ ಹತ್ತಿಯ ದೆಸೆಯಿಂದ ಏನೂ ಕೇಳಿಸಿರಲಿಲ್ಲ. ನಡೆದದ್ದನ್ನು ಟೈಲರ್ ಸನ್ನೆ ಮಾಡಿ ವಿವರಿಸಿದಾಗ "ಹೌದಾ? ಮೈಕ್ ಸೆಟ್ ಚೆನ್ನಾಗಿತ್ತು" ಎಂದ.

ಹೊಸ ಪಂಪಿಗೆ ಬೀದಿಯವರು ಗುಮ್ಮನಗುಸಕ ಎಂದು ಹೆಸರಿಟ್ಟರು. ಅದು ಮೌನವಾಗಿ ನೀರೇರಿಸುತ್ತಿತ್ತು, ಬೀದಿ ಮೌನವಾಗಿ ನರಳುತ್ತಿತ್ತು. ಪಿಸುಗುಟ್ಟುವುದು ಒಬ್ಬರಿಗೂ ಗೊತ್ತಿಲ್ಲ, ತಾವು ಗುಟ್ಟು ಎಂದುಕೊಂಡು ಹೇಳಿದ್ದು ಮುಂದಿನ ತಿರುವಿನ ತನಕ ಹೋಗುತ್ತಿತ್ತು. ಹೆದರಿ ಮಾತೇ ಬಿಟ್ಟರು. ಮೇಷ್ಟ್ರು ಮನೆಯಲ್ಲಿ ಉಪ್ಪು ಬೇಕಾದರೂ ಬೆರಳು ತೋರಿಸಿ ಕೇಳುತ್ತಿದ್ದರಂತೆ. ಬಲ್ಬನ್ನು ನಂಬಿ ಇನ್ನೊಬ್ಬರು ಹಾಳಾಗುವುದು ಬೇಡವೆಂದು ಎಲ್ಲರೂ ಸೇರಿ ಹೇಳಿ, ಆಪರೇಟರನಿಂದ ಅದರ ತಂತಿಯನ್ನು ಮತ್ತೆ ದೊಡ್ಡಪ್ಪನಿಗೇ ಹಾಕಿಸಿದರು. ಅವನನ್ನು ಓಡಿಸಿ ನೋಡುವ ದಿನ ಇನ್ನೂ ಬಂದಿರಲಿಲ್ಲ, ಬಲ್ಬು ಹತ್ತಲೇ ಇಲ್ಲ.

ಕ್ವಾರ್ಟರ್ಸಿನೊಳಗಿನ ಮೌನ ಇನ್ನೂ ಕೆಟ್ಟದಾಗಿತ್ತು. ಅತ್ತೆ ಬೈಯಲಿಲ್ಲ. ಬೈದಿದ್ದರೆ ಬದುಕಬಹುದಿತ್ತು. ಅವಳು ಮರ್ಯಾದೆ ಕೊಡಲು ಶುರುಮಾಡಿದಳು.

"ತಾವು ಮೊದಲು ಊಟ ಮಾಡಿ ತಾಯಿ, ನಾನು ಉಳಿದಿದ್ರೆ ಮಾಡ್ತೀನಿ."

"ಹೂಂ ಅತ್ತೆ."

"ಉಪ್ಪು ಸರಿಯಾಗಿದೆ ಕಣಮ್ಮಾ. ತಮ್ಮ ಕೈ ಯಾವತ್ತೂ ತಪ್ಪೋದಿಲ್ಲ."

ಆ ದಿನ ಸೊಸೆ ಉಪ್ಪು ಹಾಕುವುದನ್ನೇ ಮರೆತಿದ್ದಳು.

ಕೊನೆಗೊಂದು ದಿನ ಅತ್ತೆ, ಮಗಳ ಮನೆಗೆ ಹೋಗಿಬಿಡುತ್ತೇನೆ, ಇನ್ನು ಅಲ್ಲೇ ಇರುತ್ತೇನೆ ಎಂದಳು. ಆ ಮಗಳೆಂದರೆ ಸೊಸೆಯ ನಾದಿನಿ, ಬೇರೆ ಊರಿನಲ್ಲಿ ಮೂರನೇ ಮಹಡಿಯ ಮನೆ. ಹಿಂದೊಮ್ಮೆ ಅತ್ತೆ ಅಲ್ಲಿಗೆ ಹೋದವಳು ಒಂದು ವಾರವೂ ನಿಲ್ಲದೆ ಓಡಿಬಂದಿದ್ದಳು. ಆ ಮನೆಯಲ್ಲಿ ಗಡಿಯಾರದ ಮುಳ್ಳು ಸರಿಯುವುದೂ ಕೇಳಿಸುತ್ತದೆ, ಮಗಳು ಅಡುಗೆಮನೆಗೆ ಕಾಲಿಡಲು ಬಿಡುವುದಿಲ್ಲ, ಮನುಷ್ಯರು ಬಾಳುವ ಜಾಗವಲ್ಲ ಎಂದಿದ್ದಳು. ಈಗ ಅಲ್ಲಿಗೇ ಹೊರಟಿದ್ದಾಳೆ. ಆಪರೇಟರ್ ವಿಷಯ ಕೇಳಿ, "ಬಸ್ಸಿಗೆ ಬೇಗ ಹೋಗು, ಸೀಟು ಸಿಗುತ್ತೆ" ಎಂದ.

ಸೊಸೆಗೆ ಮೊದಲು ಸಂತೋಷವೇ ಆಯಿತು, ಸುಳ್ಳು ಯಾಕೆ ಹೇಳಬೇಕು. ಆ ಸಂತೋಷ ಒಂದು ಕೊಡ ನೀರು ತುಂಬುವಷ್ಟು ಹೊತ್ತು ಇತ್ತು. ಆಮೇಲೆ ಮನೆಯನ್ನು ಒಮ್ಮೆ ನೋಡಿದಳು. ಇನ್ನು ಇಲ್ಲಿ ತಾನು, ಕಿವಿಯಲ್ಲಿ ಹತ್ತಿ ಇಟ್ಟುಕೊಂಡ ಗಂಡ, ಬಾವಿಯಲ್ಲಿ ಮುಳುಗಿಕೊಂಡ ಗುಮ್ಮನಗುಸಕ. ತನ್ನನ್ನು ದಿನವಿಡೀ ಗಮನಿಸುತ್ತಿದ್ದ ಜೀವ, ಉಪ್ಪಿನಿಂದ ಹಿಡಿದು ತಲೆಯ ಬೈತಲೆಯ ತನಕ ತನ್ನನ್ನು ನೋಡಿದ್ದ ಒಂದೇ ಜೀವ, ಈ ಮುದುಕಿ. ಅವಳನ್ನೇ ತಾನು ಊರೆದುರು ಗುಜರಿ ಎಂದುಬಿಟ್ಟಿದ್ದಳು. ಹೇಳಬೇಕಾದದ್ದು ಎರಡೇ ಮಾತು, ತಪ್ಪಾಯಿತು, ಹೋಗಬೇಡಿ. ಆದರೆ ಸದ್ದಿಲ್ಲದ ಮನೆಯಲ್ಲಿ ಅವಳ ಬಾಯಿ ತೆರೆಯುತ್ತಲೇ ಇರಲಿಲ್ಲ. ನಿಶ್ಶಬ್ದದಲ್ಲಿ ಅವಳು ಕಲಿತದ್ದು ಒಂದೇ ಉತ್ತರ.

ಹೊರಡುವ ದಿನ ಬೆಳಿಗ್ಗೆ ಅತ್ತೆ ಗಂಟು ಕಟ್ಟಿಕೊಂಡು ಅಂಗಳದ ಮೆಟ್ಟಿಲ ಮೇಲೆ ಕೂತಳು. ಬಸ್ಸು ಬೀದಿಯ ಬಾಯಿಗೆ ಬಂದು ಹಾರ್ನ್ ಹೊಡೆಯುತ್ತದೆ, ಆಗ ಎದ್ದರೆ ಸಾಕು. ಸೊಸೆ ಕಾಫಿ ತಂದು ಕೊಟ್ಟಳು. ಅತ್ತೆ ಲೋಟ ತೆಗೆದುಕೊಂಡಳು, ಕುಡಿಯಲಿಲ್ಲ. ಆಮೇಲೆ ಕಾಫಿಯನ್ನೇ ನೋಡುತ್ತಾ, ಮರ್ಯಾದೆಯನ್ನೆಲ್ಲ ಬಿಟ್ಟು, ಹಳೇ ಧ್ವನಿಯಲ್ಲಿ ಕೇಳಿದಳು.

"ಹಾಗಾದ್ರೆ ನಾನು ಹೋಗ್ಲೇನೇ?"

ಸೊಸೆಯ ಎದೆಯಲ್ಲಿ ಮಾತು ಉಕ್ಕಿ ಬಂತು. ಬಾಯಿಗೆ ಬರುವಷ್ಟರಲ್ಲಿ ಅದು "ಹೂಂ ಅತ್ತೆ" ಆಗಿತ್ತು.

ಅತ್ತೆ ತಲೆಯಾಡಿಸಿ ಲೋಟ ಕೆಳಗಿಟ್ಟಳು. ಸೊಸೆ ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳುವುದೊಂದು ಬಾಕಿ. ತಿರುಗಿ ಪಂಪ್‌ಹೌಸಿನೊಳಗೆ ಓಡಿದಳು.

ಒಳಗೆ ಆಪರೇಟರ್ ಎಣ್ಣೆಬಟ್ಟೆ ಹಿಡಿದು ದೊಡ್ಡಪ್ಪನ ಮೈ ಒರೆಸುತ್ತಾ ಕೂತಿದ್ದ. ಗೋಡೆಯ ಪೆಟ್ಟಿಗೆಯಲ್ಲಿ ಒಂದು ಹಸಿರು ದೀಪ ಉರಿಯುತ್ತಿತ್ತು. ಗುಮ್ಮನಗುಸಕ ನೀರೇರಿಸುತ್ತಿದೆ ಎನ್ನುವುದಕ್ಕೆ ಅದೊಂದೇ ಗುರುತು. ಸೊಸೆ ಮೂಲೆಯಲ್ಲಿದ್ದ ಬಕೆಟ್ಟು ಎತ್ತಿ ದೊಡ್ಡಪ್ಪನ ಹೊಟ್ಟೆಯ ಮೇಲಿನ ಆಲಿಕೆಗೆ ನೀರು ಸುರಿಯತೊಡಗಿದಳು. ಮೊದಲು ಹೊಟ್ಟೆಗೆ ನೀರು ತುಂಬಿಸದಿದ್ದರೆ ಅವನು ನೀರು ಎಳೆಯುವುದಿಲ್ಲ, ಆ ಮನೆ ಸೇರಿದವರಿಗೆಲ್ಲ ಗೊತ್ತಿರುವ ವಿಷಯ ಅದು.

"ಏಯ್, ಏನೇ ಇದು? ಇವತ್ತು ಓಡಿಸೋ ದಿನ ಅಲ್ಲ."

ಸೊಸೆ ಸ್ವಿಚ್ಚಿನ ಕಡೆ ಕೈ ತೋರಿಸಿದಳು. ನಿಮ್ಮಮ್ಮ ಮನೆ ಬಿಟ್ಟು ಹೋಗುತ್ತಿದ್ದಾರೆ ಎನ್ನಬೇಕೆಂದಿತ್ತು, ಆಗಲಿಲ್ಲ. ಹೇಳಿದರೂ ಅವನು ಸೀಟಿನ ಬಗ್ಗೆಯೇ ಮಾತಾಡುತ್ತಿದ್ದ. ಒಂದು ಕ್ಷಣ ಯೋಚಿಸಿ, ತನ್ನ ಕೈಲಾಗುವಷ್ಟು ಮೆಲ್ಲನೆಯ ದನಿಯಲ್ಲಿ ಅಂದಳು, "ದೊಡ್ಡಪ್ಪನ ಬೇರಿಂಗು ಹಿಡ್ಕೊಂಡಿದೆ ಅನ್ಸುತ್ತೆ."

"ಆಂ? ಹಿಡ್ಕೊಂಡಿದ್ಯಾ?"

ಮದುವೆಯಾದ ಮೇಲೆ ಅವಳು ಹೇಳಿದ ಒಂದು ಮಾತು ಅವನಿಗೆ ಮೊದಲ ಸಲಕ್ಕೇ ಕೇಳಿಸಿದ್ದು ಅದೇ. ಎಣ್ಣೆಬಟ್ಟೆ ಎಸೆದು, ಎದ್ದು, ಸ್ವಿಚ್ಚು ಎಳೆದ.

ದೊಡ್ಡಪ್ಪ ಕೆಮ್ಮಿದ, ಒದರಿದ, ಬೊಬ್ಬೆ ಹಾಕಿದ. ಬಾಗಿಲ ಮೇಲೆ ಬಲ್ಬು ಹತ್ತಿತು. ಆ ಸದ್ದಿಗೆ ಬೀದಿಯ ಬಾಗಿಲುಗಳೆಲ್ಲ ದಡಬಡನೆ ತೆರೆದುಕೊಂಡವು. ಎಷ್ಟೋ ದಿನದಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದವರು ಬಲ್ಬು ನೋಡಿ, ಸದ್ದನ್ನೂ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡು, ಒಟ್ಟಿಗೇ ಶುರುಹಚ್ಚಿಕೊಂಡರು. ಟೈಲರ್ ಟೇಪು ಹಿಡಿದು ಗಿರಾಕಿಯ ಕಡೆ ನಗುತ್ತಾ ಓಡಿದ. ಮೇಷ್ಟ್ರು ಹೆಂಡತಿಯ ಎದುರು ಎದೆಯುಬ್ಬಿಸಿ ನಿಂತರು.

ಸೊಸೆ ಅಂಗಳಕ್ಕೆ ಬಂದಳು. ಈ ಸಲ ಗೋಡೆಯ ಕಡೆ ಹೋಗಲಿಲ್ಲ, ನೇರವಾಗಿ ಅತ್ತೆಯ ಮುಂದೆ ನಿಂತಳು.

"ನಿಮ್ಮನ್ನ ಗುಜರಿಗೆ ಹಾಕಿ ಅಂದಿದ್ದು ತಪ್ಪಾಯ್ತು! ಸಾವಿರ ಸಲ ತಪ್ಪಾಯ್ತು! ಆದ್ರೆ ಉಪ್ಪಿನ ವಿಷಯದಲ್ಲಿ ನೀವು ಹೇಳಿದ್ದೆಲ್ಲ ಶುದ್ಧ ಸುಳ್ಳು! ನಾನು ಬಾಚೋದು ಹೀಗೇ, ಬೇಕಾದ್ರೆ ನೋಡಿ, ಇಲ್ದಿದ್ರೆ ಕಣ್ಣು ಮುಚ್ಕೊಳ್ಳಿ! ಹೋಗ್ಬೇಡಿ ಅತ್ತೆ! ನೀವು ಹೋದ್ರೆ ನಾನು ಇಬ್ಬರು ಗುಮ್ಮನಗುಸಕರ ಮಧ್ಯೆ ಹುಚ್ಚಿ ಆಗ್ತೀನಿ! ಬೈಯ್ಯೋದಾದ್ರೆ ಬೈಯ್ರಿ, ಇಲ್ಲೇ ಕೂತು ಬೈಯ್ರಿ!"

ಅತ್ತೆಗೆ ಒಂದು ಅಕ್ಷರವೂ ಕೇಳಿಸಿರಲಾರದು. ಆದರೆ ಎದುರಿಗೆ ನಿಂತು ಕೈಬೀಸುತ್ತಿದ್ದವಳ ಮುಖ ಕಾಣುತ್ತಿತ್ತು, ಕೆನ್ನೆಯ ಮೇಲೆ ಇಳಿಯುತ್ತಿದ್ದ ನೀರು ಕಾಣುತ್ತಿತ್ತು. ಗಂಟನ್ನು ಪಕ್ಕಕ್ಕೆ ಒಗೆದು ಮುದುಕಿ ಎದ್ದುನಿಂತಳು. ಅವಳೂ ಶುರುಮಾಡಿದಳು. ಸೊಂಟಕ್ಕೆ ಒಂದು ಕೈ, ಗಾಳಿಯಲ್ಲಿ ಒಂದು ಕೈ, ಹಳೇ ಹುರುಪೆಲ್ಲ ವಾಪಸ್ ಬಂದಿತ್ತು. ಸದ್ಯ, ಬೈಯುತ್ತಿದ್ದಾಳೆ ಎಂದು ಸೊಸೆಗೆ ಉಸಿರು ಬಂತು.

ಆಗ ಅವಳಿಗೆ ಒಂದು ವಿಷಯ ಕಾಣಿಸಿತು. ಅತ್ತೆಯ ಬೆರಳು ತನ್ನ ಕಡೆ ಇರಲಿಲ್ಲ. ತನ್ನ ಭುಜದ ಮೇಲಿಂದ ಹಿಂದಕ್ಕೆ, ಪಂಪ್‌ಹೌಸಿನ ಕಿಟಕಿಯ ಕಡೆ ಇತ್ತು. ಅತ್ತೆ ದಿನಾ ಕೂರುತ್ತಿದ್ದ ಕಿಟಕಿ ಅದು. ಸೊಸೆ ತಿರುಗಿ ನೋಡಿದಳು.

ಕಿಟಕಿಯಲ್ಲಿ ಆಪರೇಟರನ ಮುಖ. ಬೇರಿಂಗಿಗೆ ಏನೂ ಆಗಿಲ್ಲ ಎಂದು ಹೇಳಲು ಬಂದಿದ್ದನೋ ಏನೋ. ಹೊರಗೆ ಇಬ್ಬರು ಹೆಂಗಸರು ತನ್ನನ್ನೇ ನೋಡುತ್ತಾ ನಿಂತಿದ್ದಾರೆ, ಒಬ್ಬಳ ಬಾಯಿ ಓಡುತ್ತಿದೆ, ಇನ್ನೊಬ್ಬಳ ಕಣ್ಣು ಸುರಿಯುತ್ತಿದೆ. ಅವನು ಬಾಯಿಗಳನ್ನು ನೋಡಿದ, ಕಣ್ಣುಗಳನ್ನು ನೋಡಿದ, ಹುಬ್ಬು ಗಂಟಿಕ್ಕಿದ. ಏನು ಹೇಳುತ್ತಿದ್ದಾರೆ ಇವರು? ಆ ಪ್ರಶ್ನೆ ಅವನಿಗೆ ಬಂದದ್ದು ಅದೇ ಮೊದಲು. ಬಂದಮೇಲೆ ತಡೆಯಲಾಗಲಿಲ್ಲ. ಓಡುವ ಪಂಪನ್ನು ನಡುವೆ ನಿಲ್ಲಿಸುವುದು ಮಹಾಪಾಪ ಎಂದು ಅಪ್ಪನಿಂದ ಕಲಿತವನು, ಒಳಗೆ ಹೋಗಿ ಸ್ವಿಚ್ಚು ಕೆಳಗೆ ಎಳೆದುಬಿಟ್ಟ.

"...ಇದು ಸೊಂಟ ಅಲ್ಲ ಸ್ವಾಮಿ, ಹುಲ್ಲಿನ ಬಣವೆ!" ಎಂದ ಟೈಲರ್, ನಿಶ್ಶಬ್ದದಲ್ಲಿ.

"...ನಿನ್ನಣ್ಣ ಒಬ್ಬ ದಂಡಪಿಂಡ, ನೀನು ಅವನ ತಂಗಿ!" ಎಂದರು ಮೇಷ್ಟ್ರು, ಮತ್ತು ಅಲ್ಲೇ ಕೂತುಬಿಟ್ಟರು.

ಇಡೀ ಬೀದಿ ಬಾಯಿಗೆ ಕೈ ಅಡ್ಡ ಹಿಡಿಯಿತು. ಅತ್ತೆ ಹಿಡಿಯಲಿಲ್ಲ. ಅವಳಿಗೆ ನಿಲ್ಲಿಸುವ ಅಭ್ಯಾಸವೇ ಇರಲಿಲ್ಲ.

"...ನಿಮ್ಮಪ್ಪ ಕಿವೀಲಿ ಹತ್ತಿ ಇಟ್ಕೊಂಡೇ ಸತ್ತ, ಈಗ ನೀನು! ಈ ಹುಡುಗಿ ಬಂದಾಗಿಂದ ಗೋಡೆ ಜೊತೆ ಮಾತಾಡ್ತಿದ್ದಾಳಲ್ಲೋ! ಒಂದು ದಿನ, ಒಂದೇ ಒಂದು ದಿನ ಆ ಹತ್ತಿ ಕಿತ್ತು 'ಏನೇ' ಅಂತ ಕೇಳಿದ್ಯೇನೋ? ನನ್ನ ಗತಿ ಇವಳಿಗೂ ಬೇಡ ಅಂತ ದಿನಾ ಈ ಕಿಟಕಿ ಕೆಳಗೆ ಕೂತು ಬಡ್ಕೊಂಡೆ. ಜ್ವರ ಬಂದು ಬಿದ್ದಿದ್ದಾಗ್ಲೂ ಬಡ್ಕೊಂಡೆ. ನೀನು ಆ ಕಬ್ಬಿಣದ ಮೂತಿ ನೋಡ್ತಾ ಕೂತೆ! ಗುಜರಿಗೆ ಹಾಕಬೇಕಾದ್ದು ನನ್ನನ್ನಲ್ಲ ಕಣೋ, ನಿನ್ನನ್ನ!"

ಸೊಸೆ ಅತ್ತೆಯನ್ನೇ ನೋಡಿದಳು. ತಾನು ಬೆನ್ನು ತಿರುಗಿಸಿಕೊಂಡು ಬಟ್ಟೆ ಚಚ್ಚಿದ ಅಷ್ಟೂ ವರ್ಷ, ತನ್ನ ಬೆನ್ನ ಹಿಂದೆ ನಡೆದದ್ದು ಇದು. ಒಂದು ಬೈಗುಳವೂ ತನ್ನದಾಗಿರಲಿಲ್ಲ ಎನ್ನುವಷ್ಟು ಒಳ್ಳೆಯವಳೇನಲ್ಲ ಅತ್ತೆ, ಸೊಸೆಗೆ ಅದು ಗೊತ್ತಿತ್ತು. ಆದರೂ ಅರ್ಧಕ್ಕರ್ಧ ತನ್ನ ಪರವಾಗಿದ್ದವು. ಒಂದು ಸಲ ತಿರುಗಿ ನಿಂತಿದ್ದರೆ ಸಾಕಿತ್ತಲ್ಲ.

ಆಪರೇಟರ್ ಬಾಗಿಲಿಗೆ ಬಂದು ನಿಂತ. ಒಂದು ಕಿವಿಯ ಹತ್ತಿ ಎಳೆದ, ಇನ್ನೊಂದರದೂ ಎಳೆದ. ಎರಡೂ ಉಂಡೆಗಳನ್ನು ಅಂಗೈಯಲ್ಲಿಟ್ಟುಕೊಂಡು, ಅವು ಯಾರವೋ ಎನ್ನುವಂತೆ ನೋಡಿದ.

ಅಷ್ಟರಲ್ಲಿ ಒಳಗೆ ಫೋನು ಬಡಿದುಕೊಳ್ಳತೊಡಗಿತು. ಎರಡೂ ಪಂಪು ಒಟ್ಟಿಗೆ ಓಡಿದ್ದವು, ಒಂದು ಇನ್ನೂ ಓಡುತ್ತಲೇ ಇತ್ತು. ಟ್ಯಾಂಕು ತುಂಬಿ ಎಲ್ಲಿಗೆ ಚೆಲ್ಲುತ್ತಿದೆ, ಯಾರು ಫೋನು ಮಾಡುತ್ತಿದ್ದಾರೆ ಎಂಬುದನ್ನು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಆಪರೇಟರನ ಕಾಲು ತಾನಾಗಿಯೇ ಒಳಕ್ಕೆ ತಿರುಗಿತು.

"ರೀ."

ಸೊಸೆಗೆ ತನ್ನ ದನಿ ತನಗೇ ಹೊಸದಾಗಿ ಕೇಳಿಸಿತು. ಅದು ಕಿರುಚಿದ್ದಲ್ಲ, ನುಂಗಿದ್ದೂ ಅಲ್ಲ.

"ಫೋನ್ ಬಿಡಿ. ಇಲ್ಲಿ ಬಂದು ಕೂತ್ಕೊಳ್ಳಿ."

"ಅಲ್ವೇ, ಅಧ್ಯಕ್ಷರ ಮನೆಗೆ ನೀರು..."

"ನೆನೀಲಿ ಬಿಡೋ" ಎಂದಳು ಅತ್ತೆ. "ಕೂದಲೇನು ಅವನದಾ?"

ಅವನು ಬಂದು ಮೆಟ್ಟಿಲ ಮೇಲೆ ಕೂತ. ಬೀದಿಯ ಬಾಯಲ್ಲಿ ಬಸ್ಸು ಬಂದು ಹಾರ್ನ್ ಹೊಡೆಯಿತು, ಕಾಯಿತು, ಇನ್ನೊಮ್ಮೆ ಹೊಡೆದು ಹೊರಟುಹೋಯಿತು. ಅತ್ತೆ ತನ್ನ ಗಂಟನ್ನು ಕಾಲಿನಿಂದ ಬಾಗಿಲ ಒಳಕ್ಕೆ ತಳ್ಳಿ, ಮಗನ ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತಳು. ಆರಿದ ಕಾಫಿಯನ್ನು ಒಂದು ಗುಟುಕು ಕುಡಿದು ಮುಖ ಕಿವಿಚಿದಳು.

"ಸಕ್ಕರೆ ಹಾಕೋದು ಯಾವತ್ತು ಕಲೀತೀಯೇ?"

"ನನ್ನ ಸರದಿ ಮುಗೀಲಿ ಅತ್ತೆ, ಆಮೇಲೆ ನಿಮ್ಮದು" ಎಂದಳು ಸೊಸೆ.

ಬೀದಿಯವರೆಲ್ಲ ತಮ್ಮ ತಮ್ಮ ಬಾಗಿಲಲ್ಲಿ ಕದಲದೆ ನಿಂತಿದ್ದರು, ನಿಂತಿರಲಿ. ಸೊಸೆ ತಲೆಯೆತ್ತಿ ನೋಡಿದಳು. ಬಲ್ಬು ಆರಿತ್ತು. ಗಂಡನ ಎದುರು ನೆಲದ ಮೇಲೆ ಕೂತು, ಮದುವೆಯಾದ ಮೊದಲ ವಾರದಿಂದ ಶುರುಮಾಡಿದಳು.